ವೈದ್ಯರ ಇಂಗ್ಲಿಷ್ ಅರ್ಥವಾಗುತ್ತದೆ, ರೋಗಿಯ ಇಂಗ್ಲಿಷ್ ಆಗುವುದಿಲ್ಲ: ಫ್ರೇಸಲ್ ವರ್ಬ್ ಕಲಿಯುವುದು ಹೇಗೆ?

ಕಡಲತಡಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯವಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಅಲ್ಲೇ ಕೆಲವು ವರ್ಷ ಕೆಲಸ ಮಾಡಿ, ಈಗ ಇಂಗ್ಲೆಂಡಿನ ಉತ್ತರ ಭಾಗದ ಆಸ್ಪತ್ರೆಯೊಂದರ ಸರ್ಜರಿ ವಾರ್ಡಿನಲ್ಲಿದ್ದೇನೆ. ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಅಳೆಯುವ ಒಇಟಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕವೇ ಬಂದಿತ್ತು. ವೈದ್ಯರು ಹೇಳುವುದು ಪೂರ್ತಿ ಅರ್ಥವಾಗುತ್ತದೆ, ನೋಟ್ಸ್ ಬರೆಯುವುದಕ್ಕೂ ತೊಡಕಿಲ್ಲ. ಕಷ್ಟ ಶುರುವಾಗುವುದು ರೋಗಿಗಳು ಬಾಯಿ ತೆರೆದಾಗ.

ಒಂದು ಪಾಳಿಯಲ್ಲಿ ಕಿವಿಗೆ ಬೀಳುವ ಮಾತುಗಳನ್ನು ನೋಡಿ. ಅಜ್ಜಿಯೊಬ್ಬರು 'ಮೈ ನೀ ಈಸ್ ಪ್ಲೇಯಿಂಗ್ ಅಪ್' ಎನ್ನುತ್ತಾರೆ. ಪಕ್ಕದ ಹಾಸಿಗೆಯವರು 'ಐ ಕಾಂಟ್ ಕೀಪ್ ಎನಿಥಿಂಗ್ ಡೌನ್' ಎನ್ನುತ್ತಾರೆ. ಆಪರೇಷನ್ ಆದವರ ಹೆಂಡತಿ ಫೋನ್ ಮಾಡಿ 'ಹ್ಯಾಸ್ ಹಿ ಕಮ್ ರೌಂಡ್?' ಎಂದು ಕೇಳುತ್ತಾರೆ. ಮಧ್ಯರಾತ್ರಿ ಬೆಲ್ ಒತ್ತಿದವರು 'ಇಟ್ಸ್ ವೇರಿಂಗ್ ಆಫ್' ಎನ್ನುತ್ತಾರೆ. ಒಂದೊಂದು ಪದವೂ ಪ್ರಾಥಮಿಕ ಶಾಲೆಯದು. ಪ್ಲೇ ಗೊತ್ತು, ಅಪ್ ಗೊತ್ತು; ಎರಡೂ ಕೈಜೋಡಿಸಿದರೆ ಮೂರನೆಯದೇ ಏನೋ ಆಗುತ್ತದೆ.

ಇಂಥ ಜೋಡಿಪದಗಳಿಗೇ ಫ್ರೇಸಲ್ ವರ್ಬ್ ಎನ್ನುತ್ತಾರೆ. ಇವುಗಳ ಪಟ್ಟಿಯಿರುವ ಪುಸ್ತಕ ತೆಗೆದುಕೊಂಡೆ. 'ಗೆಟ್' ಒಂದರ ಕೆಳಗೇ ಪುಟಗಟ್ಟಲೆ ಇದೆ. 'ಗೆಟ್ ಓವರ್' ನೆನಪಿಟ್ಟುಕೊಳ್ಳುವಷ್ಟರಲ್ಲಿ 'ಗೆಟ್ ಬೈ' ಮರೆತುಹೋಗುತ್ತದೆ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇದೆಯೇ? ಹೊರದೇಶದಲ್ಲಿರುವವರು, ಇಂಗ್ಲಿಷ್ ಕಲಿಸಿದವರು ದಯವಿಟ್ಟು ಹೇಳಿ.

ಹೇಮಾವತಿ ಮೇಷ್ಟ್ರು

ಅಮ್ಮಾ, ಮೊದಲು ಆ ಪುಸ್ತಕವನ್ನು ಮುಚ್ಚಿಡಿ. ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ಅಕಾರಾದಿಯಾಗಿ ಬಾಯಿಪಾಠ ಮಾಡಿದ ಪಟ್ಟಿ ಪರೀಕ್ಷೆಯ ಮಾರನೆಯ ದಿನಕ್ಕೆ ಉಳಿದದ್ದನ್ನು ನಾನಂತೂ ನೋಡಿಲ್ಲ.

ನಿಮ್ಮ ಕಷ್ಟ ಹಳೆಯದು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದಾಗ ಅದರ ಮುನ್ನುಡಿಯಲ್ಲೇ ಇದನ್ನು ಎತ್ತಿದ್ದಾನೆ. ಕ್ರಿಯಾಪದದ ಬೆನ್ನಿಗೆ ಒಂದು ಸಣ್ಣ ಪದ ಅಂಟಿಸಿ ಅರ್ಥವನ್ನೇ ತಿರುಗಿಸುವ ಈ ರೂಢಿ ಪರದೇಶದವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಎಂದಿದ್ದಾನೆ. ಆಗ ಇದಕ್ಕೆ ಹೆಸರೂ ಇರಲಿಲ್ಲ. 'ಫ್ರೇಸಲ್ ವರ್ಬ್' ಎಂಬ ಹೆಸರನ್ನು ಚಾಲ್ತಿಗೆ ತಂದದ್ದು 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್. ಅದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ.

ಈಗ ಕೆಲಸದ ಮಾತು. ಅರ್ಥಕ್ಕಿಂತ ಮೊದಲು ವಾಕ್ಯದಲ್ಲಿ ಇವು ಕೂರುವ ರೀತಿ ತಿಳಿಯಬೇಕು. ಕೆಲವಕ್ಕೆ ಕರ್ಮವೇ ಬೇಕಿಲ್ಲ. 'ಶಿ ಪಾಸ್ಡ್ ಔಟ್' ಎಂದರೆ ವಾಕ್ಯ ಮುಗಿಯಿತು, ಆಕೆ ಪ್ರಜ್ಞೆ ತಪ್ಪಿದಳು. ನಿಮ್ಮ 'ಕಮ್ ರೌಂಡ್' ಕೂಡ ಇದೇ ಜಾತಿ, ಅರಿವಳಿಕೆಯಿಂದ ಎಚ್ಚರವಾಗುವುದು. ಇನ್ನು ಕೆಲವಕ್ಕೆ ಕರ್ಮ ಬೇಕು, ಆ ಕರ್ಮ ನಡುವೆಯೂ ನುಗ್ಗಬಹುದು. 'ಟೇಕ್ ಆಫ್ ಯುವರ್ ಶೂಸ್' ಸರಿ, 'ಟೇಕ್ ಯುವರ್ ಶೂಸ್ ಆಫ್' ಕೂಡ ಸರಿ. ಆದರೆ ಶೂಸ್ ಜಾಗದಲ್ಲಿ 'ದೆಮ್' ಎಂಬ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು. 'ಟೇಕ್ ದೆಮ್ ಆಫ್' ಸರಿ, 'ಟೇಕ್ ಆಫ್ ದೆಮ್' ತಪ್ಪು. ನಮ್ಮ ಮಕ್ಕಳು ಹೆಚ್ಚು ಎಡವುವುದು ಇಲ್ಲೇ. ಮತ್ತೆ ಕೆಲವನ್ನು ಒಡೆಯಲು ಬರುವುದೇ ಇಲ್ಲ. 'ಲುಕ್ ಆಫ್ಟರ್ ಹಿಮ್' ಎನ್ನಬೇಕೇ ಹೊರತು 'ಲುಕ್ ಹಿಮ್ ಆಫ್ಟರ್' ಎಂದರೆ ಯಾರಿಗೂ ತಿಳಿಯದು. ಮೂರು ಪದದವೂ ಇವೆ: 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊಳ್ಳುವುದು, 'ಕಮ್ ಡೌನ್ ವಿತ್' ಎಂದರೆ ನೆಗಡಿ ಜ್ವರದಂಥದ್ದು ಅಂಟಿಕೊಳ್ಳುವುದು. ಇವು ಮೂರೂ ಒಟ್ಟಿಗೇ ಇರುತ್ತವೆ.

ಆದ್ದರಿಂದ ನೋಟ್ ಪುಸ್ತಕದಲ್ಲಿ ಬರಿಯ ಕ್ರಿಯಾಪದ ಬರೆದುಕೊಳ್ಳಬೇಡಿ. ಕೇಳಿದ ಇಡೀ ವಾಕ್ಯ ಬರೆದುಕೊಳ್ಳಿ, ಅದರಲ್ಲಿ 'ಇಟ್' ಎಲ್ಲಿದೆ ಎಂದು ಗುರುತು ಹಾಕಿ.

ಸಿಲ್ಕ್‌ಬೋರ್ಡ್ ಸಿಗ್ನಲ್

ನನ್ನ ಅಭಿಪ್ರಾಯ ಬೇರೆ. ಇವೆಲ್ಲ ಆಡುಮಾತಿನ ಸರಕು. ನಮ್ಮ ಕಂಪನಿಯ ತರಬೇತಿಯಲ್ಲಿ ಇಮೇಲ್‌ಗಳಲ್ಲಿ ಫ್ರೇಸಲ್ ವರ್ಬ್ ಬಳಸಬೇಡಿ, ಒಂದೇ ಪದದ ಗಟ್ಟಿ ಕ್ರಿಯಾಪದ ಬಳಸಿ ಎಂದೇ ಹೇಳಿಕೊಟ್ಟರು. 'ಪುಟ್ ಆಫ್' ಬದಲು 'ಪೋಸ್ಟ್‌ಪೋನ್', 'ಫೈಂಡ್ ಔಟ್' ಬದಲು 'ಡಿಸ್ಕವರ್'. ಅರ್ಥ ಗೊತ್ತಿದ್ದರೆ ಸಾಕು, ನಾವು ಬಳಸಲೇಬೇಕೆಂದೇನಿಲ್ಲ.

ಥೇಮ್ಸ್ ದಂಡೆ

ಸಿಗ್ನಲ್ ಅವರೇ, ನೀವು ಬೆಳಿಗ್ಗೆ ಕಂಪ್ಯೂಟರಿನಲ್ಲಿ 'ಲಾಗ್ ಇನ್' ಆಗುತ್ತೀರಿ, 'ಬ್ಯಾಕಪ್' ತೆಗೆಯುತ್ತೀರಿ, ಹೊಸ ಆವೃತ್ತಿಯನ್ನು 'ರೋಲ್ ಔಟ್' ಮಾಡುತ್ತೀರಿ, ಕೆಟ್ಟರೆ 'ರೋಲ್ ಬ್ಯಾಕ್' ಮಾಡುತ್ತೀರಿ. ಇಷ್ಟಾದ ಮೇಲೂ ಬಳಸುವುದಿಲ್ಲ ಎನ್ನುತ್ತೀರಲ್ಲ!

'ಆಡುಮಾತಿನದು' ಎನ್ನುವುದು ಅರ್ಧ ನಿಜ. 'ಥ್ರೋ ಅಪ್' ಆಡುಮಾತು, ಒಪ್ಪುತ್ತೇನೆ. ವಾಂತಿಗೆ ಮನೆಯಲ್ಲಿ ಹೇಳುವ ಪದ. ಆದರೆ 'ಕ್ಯಾರಿ ಔಟ್', 'ಸೆಟ್ ಅಪ್', 'ಡ್ರಾ ಅಪ್' ಇಲ್ಲದ ಸರ್ಕಾರಿ ವರದಿ ಇಲ್ಲಿ ಸಿಗುವುದು ಕಷ್ಟ. ಮೂಳೆ ಮುರಿದಿಲ್ಲ ಎಂದು ಖಚಿತಪಡಿಸಿಕೊಳ್ಳುವುದಕ್ಕೆ ವೈದ್ಯರು 'ರೂಲ್ ಔಟ್' ಎಂದೇ ಬರೆಯುತ್ತಾರೆ, ಭಾರತದಲ್ಲೂ ಹಾಗೆಯೇ. ಕಡಲತಡಿಯವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗರಿಗೆ ನಾನು ಹೇಳುವ ಒಂದು ಎಚ್ಚರಿಕೆ ಇದೆ. ಅಪಾಯಿಂಟ್‌ಮೆಂಟನ್ನು 'ಬ್ರಾಟ್ ಫಾರ್ವರ್ಡ್' ಮಾಡಿದ್ದೇವೆ ಎಂದು ಆಸ್ಪತ್ರೆಯಿಂದ ಫೋನ್ ಬಂದರೆ, ದಿನಾಂಕ ಹತ್ತಿರಕ್ಕೆ ಬಂದಿದೆ ಎಂದು ಅರ್ಥ. ನಮ್ಮ ತಲೆಯಲ್ಲಿ ಮುಂದಕ್ಕೆ ಎಂದ ಕೂಡಲೇ 'ಮುಂದೂಡಿದ್ದಾರೆ' ಎಂಬುದೇ ಓಡುತ್ತದೆ. ಕನ್ನಡದಲ್ಲಿ ಮುಂದೂಡಿದರೆ ತಡವಾಗುತ್ತದೆ, ಇವರ ಫಾರ್ವರ್ಡ್‌ನಲ್ಲಿ ಬೇಗವಾಗುತ್ತದೆ. ಅದೇ 'ಪುಟ್ ಬ್ಯಾಕ್' ಅಥವಾ 'ಪುಶ್ ಬ್ಯಾಕ್' ಎಂದರೆ ತಡ. ಹಿಂದಕ್ಕೆ ಎಂದಿದ್ದಾರೆ, ಬೇಗ ಹೋಗಬೇಕೇನೋ ಎಂದುಕೊಂಡರೆ ಪೂರ್ತಿ ತಲೆಕೆಳಗು. ನಮ್ಮ ಭಾರತೀಯ ಇಂಗ್ಲಿಷಿನ 'ಪ್ರಿಪೋನ್' ಇದ್ದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಆ ಪದ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ, ಆದರೆ ಇಲ್ಲಿನ ಸ್ವಾಗತ ಕೌಂಟರಿನಲ್ಲಿ ಹೇಳಿದರೆ ಸುಮ್ಮನೆ ಮುಖ ನೋಡುತ್ತಾರೆ.

ಗಡಿಯಾರದ ಮಾತು ಬೇರೆಯೇ. ಮಾರ್ಚ್ ಕೊನೆಯ ಭಾನುವಾರ ಗಡಿಯಾರಗಳು 'ಗೋ ಫಾರ್ವರ್ಡ್' ಆಗುತ್ತವೆ, ಅಕ್ಟೋಬರ್ ಕೊನೆಯ ಭಾನುವಾರ 'ಗೋ ಬ್ಯಾಕ್'. ಅಲ್ಲಿ ಮುಳ್ಳು ನಿಜಕ್ಕೂ ಮುಂದೆ ಹಿಂದೆ ಹೋಗುತ್ತದೆ, ಗೊಂದಲವಿಲ್ಲ.

ಕಡಲತಡಿ

ಅಕ್ಟೋಬರಿನ ಆ ರಾತ್ರಿ ಪಾಳಿ ಒಂದು ಗಂಟೆ ಹೆಚ್ಚು! ಅದು ಮಾತ್ರ ಯಾರೂ ಹೇಳಿಕೊಡದೆ ಅರ್ಥವಾಯಿತು.

ಸರ್, ವಾಕ್ಯ ಬರೆದುಕೊಳ್ಳುವುದು ಇಂದಿನಿಂದಲೇ ಶುರು ಮಾಡುತ್ತೇನೆ. ಒಂದು ಅನುಮಾನ. 'ಪಾಸ್ ಔಟ್' ಎಂದರೆ ಪ್ರಜ್ಞೆ ತಪ್ಪುವುದು ಎಂದಿರಿ. ನಮ್ಮೂರಿನಲ್ಲಿ 'ಪಾಸ್ಡ್ ಔಟ್ ಫ್ರಮ್ ಕಾಲೇಜ್' ಎಂದೇ ಎಲ್ಲರೂ ಹೇಳುವುದಲ್ಲವೇ?

ಹೇಮಾವತಿ ಮೇಷ್ಟ್ರು

ಹೌದು, ಅದು ಭಾರತದ ಬಳಕೆ. ಬ್ರಿಟಿಷ್ ಸೇನೆಯಲ್ಲಿ ತರಬೇತಿ ಮುಗಿಸಿದವರ 'ಪಾಸಿಂಗ್ ಔಟ್ ಪರೇಡ್' ಇದೆ, ನಮ್ಮ ಪೊಲೀಸ್ ಮತ್ತು ಸೇನಾ ತರಬೇತಿ ಕೇಂದ್ರಗಳಲ್ಲೂ ಅದೇ ಹೆಸರು ಉಳಿದಿದೆ. ಕಾಲೇಜಿಗೆ ಮಾತ್ರ ಅಲ್ಲಿ ಅದನ್ನು ಹೇಳುವುದಿಲ್ಲ. ಕಾಲೇಜಿನಲ್ಲಿ ಪಾಸ್ ಔಟ್ ಆದೆ ಎಂದು ಇಂಗ್ಲೆಂಡಿನವರಿಗೆ ಹೇಳಿದರೆ, ತರಗತಿಯಲ್ಲೇ ತಲೆ ತಿರುಗಿ ಬಿದ್ದಿರಾ ಎಂದು ಕೇಳಿಯಾರು. 'ಗ್ರ್ಯಾಜುಯೇಟೆಡ್' ಎಂದರೆ ತಲೆನೋವಿಲ್ಲ.

ಕಡತಕೋಣೆ

ಧಾರವಾಡದಿಂದ ನಮಸ್ಕಾರ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನಮ್ಮಲ್ಲಿ 'ಪುಟ್ ಅಪ್' ಇಲ್ಲದೆ ಬೆಳಗಾಗುವುದಿಲ್ಲ. ಸಾಹೇಬರು 'ಫೈಲ್ ಪುಟ್ ಅಪ್ ಮಾಡಿ' ಎನ್ನುತ್ತಾರೆ, ನಾವು 'ಆದೇಶಕ್ಕಾಗಿ ಮಂಡಿಸಿದೆ' ಎಂದು ಬರೆದು ಮೇಲಕ್ಕೆ ಕಳಿಸುತ್ತೇವೆ. ಬೇರೆ ಊರಿಂದ ವರ್ಗವಾಗಿ ಬಂದವರನ್ನು 'ವೇರ್ ಆರ್ ಯು ಪುಟ್ ಅಪ್?' ಎಂದು ಕೇಳುತ್ತೇವೆ. ಈಗ ಮೇಷ್ಟ್ರು 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊಳ್ಳುವುದು ಎಂದರು. ಕಚೇರಿಯಲ್ಲಿ ಇರುವವನಿಗೆ ಮೊದಲನೆಯದನ್ನು ಮಾಡುತ್ತ ಮೂರನೆಯದನ್ನೂ ಮಾಡುವುದು ಸಂಬಳದ ಭಾಗ.

ನನ್ನ ಪ್ರಶ್ನೆ: ಅರ್ಜಿಯನ್ನು 'ಫಿಲ್ ಅಪ್' ಮಾಡುವುದೋ, 'ಫಿಲ್ ಇನ್' ಮಾಡುವುದೋ, 'ಫಿಲ್ ಔಟ್' ಮಾಡುವುದೋ?

ಥೇಮ್ಸ್ ದಂಡೆ

ಬ್ರಿಟನ್ನಿನಲ್ಲಿ ಹೆಚ್ಚಾಗಿ 'ಫಿಲ್ ಇನ್', ಅಮೆರಿಕದಲ್ಲಿ ಹೆಚ್ಚಾಗಿ 'ಫಿಲ್ ಔಟ್'. ಒಳಗೂ ಹೊರಗೂ ಒಂದೇ ಅರ್ಥ! 'ಫಿಲ್ ಅಪ್' ಎಂದರೆ ಇಲ್ಲಿಯವರಿಗೆ ಪೆಟ್ರೋಲ್ ಟ್ಯಾಂಕ್ ನೆನಪಾಗುತ್ತದೆ. 'ಪುಟ್ ಅಪ್' ಬಗ್ಗೆ: ಇಲ್ಲಿ ಯಾರನ್ನಾದರೂ ಮನೆಯಲ್ಲಿ ಒಂದೆರಡು ರಾತ್ರಿ ಉಳಿಸಿಕೊಳ್ಳುವುದಕ್ಕೆ 'ಪುಟ್ ಸಮ್‌ಒನ್ ಅಪ್' ಎನ್ನುತ್ತಾರೆ. ಕಾಯಂ ವಾಸಕ್ಕೆ ಹೇಳುವುದಿಲ್ಲ.

ಪದಪಯಣ

ಮೈಸೂರಿನಲ್ಲಿ ಭಾಷಾವಿಜ್ಞಾನ ಓದುತ್ತಿದ್ದೇನೆ. ಇಲ್ಲಿಯವರೆಗಿನ ಮಾತುಕತೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ ಅನ್ನಿಸಿತು. ಫ್ರೇಸಲ್ ವರ್ಬ್ ಎಂದರೆ ಕನ್ನಡಿಗರಿಗೆ ತೀರಾ ಅಪರಿಚಿತ ಯಂತ್ರವೇನಲ್ಲ. ನಮ್ಮ ಸಂಯುಕ್ತ ಕ್ರಿಯಾಪದಗಳನ್ನು ಗಮನಿಸಿ. 'ತಿನ್ನು' ಒಂದು ಕ್ರಿಯೆ. 'ತಿಂದುಬಿಡು', 'ತಿಂದುಹಾಕು', 'ತಿಂದುಕೋ', 'ತಿಂದುನೋಡು' ಎಂದಾಗ ಎರಡನೆಯ ಪದ ತನ್ನ ಸ್ವಂತ ಅರ್ಥ ಕಳೆದುಕೊಂಡು ಮೊದಲನೆಯದಕ್ಕೆ ಒಂದು ಬಣ್ಣ ಕೊಡುತ್ತದೆ. 'ತಿಂದುಬಿಡು' ಎಂದಾಗ ಯಾರೂ ಏನನ್ನೂ ಬಿಡುವುದಿಲ್ಲ, ಮುಗಿಸುತ್ತಾರೆ. ಇಂಗ್ಲಿಷಿನ 'ಈಟ್ ಅಪ್' ಇದೇ ಕೆಲಸ ಮಾಡುತ್ತದೆ. 'ಡ್ರಿಂಕ್ ಅಪ್', 'ಯೂಸ್ ಅಪ್', 'ಡ್ರೈ ಅಪ್' ಎಲ್ಲದರಲ್ಲೂ ಆ 'ಅಪ್' ನಮ್ಮ 'ಬಿಡು'ವಿನಂತೆ ಕೆಲಸ ಪೂರ್ತಿಯಾದದ್ದನ್ನು ಹೇಳುತ್ತದೆ.

ಇನ್ನು ಸಿಗ್ನಲ್ ಅವರ ಗಟ್ಟಿ ಪದ, ಸಡಿಲ ಪದದ ವಿಚಾರ. ಇದು ಇಂಗ್ಲಿಷಿನ ಚರಿತ್ರೆಯಿಂದ ಬಂದದ್ದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತ, ನ್ಯಾಯಾಲಯಗಳಿಗೆ ಫ್ರೆಂಚ್ ಬಂತು. ವಿದ್ಯೆಗೆ ಲ್ಯಾಟಿನ್ ಮೊದಲೇ ಇತ್ತು. 'ಸರೆಂಡರ್', 'ಟಾಲರೇಟ್', 'ಡಿಸೆಂಡ್' ಮುಂತಾದವು ಆ ದಾರಿಯಲ್ಲಿ ಬಂದವು. ಮನೆ, ಹೊಲ, ಅಡುಗೆಮನೆಗಳಲ್ಲಿ 'ಗಿವ್ ಅಪ್', 'ಪುಟ್ ಅಪ್ ವಿತ್', 'ಗೋ ಡೌನ್' ಬೆಳೆದವು. ಹಳೆಯ ಇಂಗ್ಲಿಷಿನಲ್ಲಿ ಈ ಸಣ್ಣ ಪದಗಳು ಹೆಚ್ಚಾಗಿ ಕ್ರಿಯಾಪದದ ಮುಂದೆ ಅಂಟಿಕೊಂಡಿರುತ್ತಿದ್ದವು, ಕಾಲಕ್ರಮದಲ್ಲಿ ಹಿಂದಕ್ಕೆ ಸರಿದವು. ಅದರ ನೆಂಟ ಭಾಷೆ ಜರ್ಮನಿನಲ್ಲಿ ಈಗಲೂ ಏಳುವುದಕ್ಕೆ 'ಔಫ್‌ಶ್ಟೇಯನ್' ಎಂಬ ಒಂದೇ ಪದ; ವಾಕ್ಯದಲ್ಲಿ ಅದು ಒಡೆದು 'ಔಫ್' ಕೊನೆಗೆ ಹೋಗುತ್ತದೆ.

ನಮ್ಮಲ್ಲೂ ಇದೇ ಇಬ್ಬಗೆ ಇದೆಯಲ್ಲವೇ? ಬರವಣಿಗೆಗೆ ಸಂಸ್ಕೃತದ 'ತ್ಯಜಿಸು', ಮನೆಗೆ 'ಬಿಟ್ಟುಬಿಡು'. ಬರವಣಿಗೆಗೆ 'ಸಹಿಸು', ಮನೆಗೆ 'ತಡೆದುಕೋ'. ದಾವಣಗೆರೆಯ ಆಸ್ಪತ್ರೆಯಲ್ಲಿ ಯಾವ ಅಜ್ಜಿಯೂ 'ನನಗೆ ವಾಕರಿಕೆಯ ಸಂವೇದನೆ ಉಂಟಾಗಿದೆ' ಎನ್ನುವುದಿಲ್ಲ. 'ಹೊಟ್ಟೆ ತೊಳೆಸುತ್ತಿದೆ' ಎನ್ನುತ್ತಾಳೆ. 'ಕಾಲು ಜೋಮು ಹಿಡಿದಿದೆ', 'ಸೊಂಟ ಹಿಡಿದುಕೊಂಡಿದೆ', 'ಜ್ವರ ಬಿಟ್ಟಿದೆ' ಎನ್ನುತ್ತಾಳೆ. ಕನ್ನಡವನ್ನು ಪುಸ್ತಕದಿಂದ ಕಲಿತು ಇಲ್ಲಿಗೆ ಬಂದ ಕೇರಳದ ನರ್ಸ್ ಒಬ್ಬರಿಗೆ ಸೊಂಟವನ್ನು ಯಾರು ಹಿಡಿದುಕೊಂಡರು ಎಂಬುದೇ ತಿಳಿಯದು. 'ಹಿಡಿ', 'ಬಿಡು' ಎಂಬ ಎರಡೇ ಕ್ರಿಯಾಪದಗಳಿಂದ ನಮ್ಮ ಅಜ್ಜಿಯರು ಅರ್ಧ ವೈದ್ಯಶಾಸ್ತ್ರ ಹೇಳಿಬಿಡುತ್ತಾರೆ. ಕಡಲತಡಿಯವರೇ, ನಿಮ್ಮ ವಾರ್ಡಿನ ಅಜ್ಜಿ ಮಾಡುತ್ತಿರುವುದೂ ಅದನ್ನೇ. ನಾವು ಇಂಗ್ಲಿಷನ್ನು ಕಚೇರಿ, ಕೋರ್ಟು, ಪಠ್ಯಪುಸ್ತಕಗಳ ಬಾಗಿಲಿನಿಂದ ಕಲಿತೆವು. ಹೀಗಾಗಿ ಅದರ ಗಟ್ಟಿ ಪದಗಳು ಮೊದಲು ಬಂದವು, ಮನೆಮಾತು ಬರಲಿಲ್ಲ. ಅಲ್ಲಿ ಹುಟ್ಟಿದ ಮಗುವಿಗೆ ಇದು ಉಲ್ಟಾ: 'ಪೋಸ್ಟ್‌ಪೋನ್' ತಿಳಿಯುವ ಎಷ್ಟೋ ಮೊದಲೇ 'ಪುಟ್ ಯುವರ್ ಕೋಟ್ ಆನ್' ತಿಳಿದಿರುತ್ತದೆ.

ಕಲಿಯುವುದಕ್ಕೆ ನನ್ನ ಸಲಹೆ, ಕ್ರಿಯಾಪದವನ್ನು ಬಿಟ್ಟು ಬಾಲದ ಪದವನ್ನು ಹಿಡಿಯಿರಿ. 'ಔಟ್' ಬಂದಲ್ಲಿ ಹಲವು ಸಲ ಬರಿದಾಗುವ ಅರ್ಥವಿರುತ್ತದೆ: 'ರನ್ ಔಟ್', 'ವೇರ್ ಔಟ್', 'ಬರ್ನ್ ಔಟ್'. 'ಆಫ್' ಬಂದಲ್ಲಿ ದೂರ ಸರಿಯುವುದು. ನೋವಿನ ಮಾತ್ರೆಯ ಶಕ್ತಿ 'ವೇರ್ ಆಫ್' ಆಗುವುದು ಎಂದರೆ ಮೆಲ್ಲನೆ ಸರಿದುಹೋಗುವುದು. ಹೀಗೆ ನೋಡಿದರೆ ನೂರಾರು ಪದಗಳು ಹತ್ತಾರು ಗುಂಪಿಗೆ ಬರುತ್ತವೆ.

ಹೇಮಾವತಿ ಮೇಷ್ಟ್ರು

ಪದಪಯಣ, ಬಹಳ ಚೆನ್ನಾಗಿ ಬರೆದಿದ್ದೀಯಪ್ಪ. ಕೊನೆಯ ಪ್ಯಾರಾ ಬಿಟ್ಟು ಉಳಿದದ್ದಕ್ಕೆ ಪೂರ್ಣ ಅಂಕ.

'ಆಫ್' ಎಂದರೆ ದೂರ ಸರಿಯುವುದು ಎಂದೆ. ಸರಿ, 'ದಿ ಲೈಟ್ ವೆಂಟ್ ಆಫ್' ಎಂದರೆ ದೀಪ ಆರಿತು. 'ದಿ ಅಲಾರ್ಮ್ ವೆಂಟ್ ಆಫ್' ಎಂದರೆ? ಅಲಾರ್ಮ್ ಹೊಡೆದುಕೊಂಡಿತು! ಒಂದೇ ಮಾತು, ಒಂದು ಕಡೆ ನಿಂತಿತು, ಇನ್ನೊಂದು ಕಡೆ ಶುರುವಾಯಿತು. 'ದಿ ಮಿಲ್ಕ್ ವೆಂಟ್ ಆಫ್' ಎಂದರೆ ಹಾಲು ಕೆಟ್ಟಿತು. 'ದಿ ಬಾಂಬ್ ವೆಂಟ್ ಆಫ್' ಎಂದರೆ ಸಿಡಿಯಿತು. ವಾರ್ಡಿನಲ್ಲಿ ಯಂತ್ರವೊಂದು 'ವೆಂಟ್ ಆಫ್' ಎಂದು ಯಾರಾದರೂ ಹೇಳಿದಾಗ ನಿನ್ನ ಸೂತ್ರ ಹಿಡಿದು ಕೂತರೆ ಕೆಲಸ ಕೆಡುತ್ತದೆ.

ಪದಪಯಣ

ಸರ್, ಅಲ್ಲೂ ಎಳೆ ಇದೆ. ಅಲಾರ್ಮ್ ತನ್ನ ಸುಮ್ಮನಿರುವ ಸ್ಥಿತಿಯಿಂದ ಆಚೆ ಜಿಗಿಯುತ್ತದೆ. ಹಾಲು ತನ್ನ ಒಳ್ಳೆಯ ಸ್ಥಿತಿಯಿಂದ ಆಚೆ ಹೋಗುತ್ತದೆ. ದೀಪ ಉರಿಯುವ ಸ್ಥಿತಿಯಿಂದ ಆಚೆ ಹೋಗುತ್ತದೆ. ಮೂರರಲ್ಲೂ ಇದ್ದ ಜಾಗ ಬಿಡುವುದೇ ಇದೆ.

ಹೇಮಾವತಿ ಮೇಷ್ಟ್ರು

ಅರ್ಥ ಗೊತ್ತಾದ ಮೇಲೆ ಕಥೆ ಕಟ್ಟುವುದು ಸುಲಭ. ಅರ್ಥ ಗೊತ್ತಿಲ್ಲದವಳಿಗೆ ಆ ಕಥೆ ದಾರಿ ತೋರಿಸುತ್ತದೆಯೇ? 'ಸ್ಲೋ ಡೌನ್' ಎಂದರೂ ನಿಧಾನ, 'ಸ್ಲೋ ಅಪ್' ಎಂದರೂ ನಿಧಾನ. ರೇಡಿಯೋ ಸದ್ದನ್ನು 'ಟರ್ನ್ ಡೌನ್' ಮಾಡಬಹುದು, 'ಟರ್ನ್ ಅಪ್' ಮಾಡಬಹುದು. ಕೆಲಸದ ಆಹ್ವಾನವನ್ನು 'ಟರ್ನ್ ಡೌನ್' ಮಾಡಬಹುದು, ಎಂದರೆ ಬೇಡವೆನ್ನಬಹುದು. 'ಟರ್ನ್ ಅಪ್' ಮಾಡಲು ಬರುವುದಿಲ್ಲ. ಅದೇ 'ಹಿ ಡಿಡಂಟ್ ಟರ್ನ್ ಅಪ್' ಎಂದರೆ ಅವನು ಬರಲಿಲ್ಲ. ಸೂತ್ರ ನೆನಪಿಟ್ಟುಕೊಳ್ಳಲು ಊರುಗೋಲಾಗಬಹುದು, ಅದನ್ನು ನಂಬಿ ಊಹಿಸಬಾರದು, ಅಷ್ಟೇ ನನ್ನ ತಕರಾರು.

ಪದಪಯಣ

ಊಹಿಸುವುದಕ್ಕಲ್ಲ, ನೆನಪಿಗೆ ಎಂದರೆ ನನ್ನ ಒಪ್ಪಿಗೆಯಿದೆ. ಆದರೆ ನಮ್ಮ 'ಬಿಡು' ಕೂಡ ಹೀಗೇ ಆಡುತ್ತದೆ ಸರ್. 'ಶಾಲೆ ಬಿಟ್ಟಿತು' ಎಂದರೆ ಸಂಜೆಯ ಗಂಟೆ ಹೊಡೆಯಿತು, 'ಶಾಲೆ ಬಿಟ್ಟ' ಎಂದರೆ ಓದು ನಿಲ್ಲಿಸಿದ. 'ಬಸ್ ಬಿಟ್ಟಿತು' ಎಂದರೆ ಹೊರಟಿತು, 'ಮಳೆ ಬಿಟ್ಟಿತು' ಎಂದರೆ ನಿಂತಿತು. ಹೊರಡುವುದೂ ನಿಲ್ಲುವುದೂ ಒಂದೇ ಪದದಲ್ಲಿ! ನಿಮ್ಮ ಅಲಾರ್ಮ್ ಮತ್ತು ದೀಪಕ್ಕೆ ನಾವು ಸೋತಿಲ್ಲ.

ಕಡತಕೋಣೆ

ಗುರು ಶಿಷ್ಯರ ಜಗಳ ಚೆನ್ನಾಗಿದೆ, ಮುಂದುವರಿಯಲಿ. ನಡುವೆ ಒಂದು ಮಾತು. ನಮ್ಮ ಜನ ಇಂಗ್ಲಿಷಿನಿಂದ ಬಾಲವನ್ನೇ ಕಿತ್ತು ತಂದಿದ್ದಾರೆ, ಗಮನಿಸಿದ್ದೀರಾ? 'ಸ್ವಿಚ್ ಆಫ್' ಪೂರ್ತಿ ಬೇಡ, 'ಆಫ್ ಮಾಡು' ಸಾಕು. 'ಆನ್ ಮಾಡು', 'ಔಟ್ ಆದ'. ಉಳಿದಂತೆ ಚೆಕಪ್, ಮೇಕಪ್, ಲಾಕಪ್, ಪಿಕಪ್. ಬೆಂಗಳೂರಿನವರಂತೂ 'ಲೇ ಔಟ್' ಎಂಬ ಫ್ರೇಸಲ್ ವರ್ಬಿನಲ್ಲೇ ಮನೆ ಕಟ್ಟಿಕೊಂಡು ವಾಸವಾಗಿದ್ದಾರೆ.

ಸಿಲ್ಕ್‌ಬೋರ್ಡ್ ಸಿಗ್ನಲ್

ಎಚ್‌ಎಸ್‌ಆರ್ ಲೇಔಟಿನ ನಿವಾಸಿಯಾಗಿ ಆಕ್ಷೇಪಿಸುತ್ತೇನೆ.

ಆದರೆ ಕಡತಕೋಣೆಯವರು ಹೇಳಿದ್ದರಲ್ಲಿ ನಮಗೆ ಬೇಕಾದ ಒಂದು ಸೂಕ್ಷ್ಮವಿದೆ. ಸಾಫ್ಟ್‌ವೇರ್ ಬರೆಯುವವರು ದಿನವೂ ತಪ್ಪುವುದು ಇದರಲ್ಲೇ. ನಾಮಪದವಾದಾಗ 'ಲಾಗಿನ್', 'ಬ್ಯಾಕಪ್', 'ಸೆಟಪ್' ಕೂಡಿಸಿ ಬರೆಯಬೇಕು. ಕ್ರಿಯಾಪದವಾದಾಗ ಬಿಡಿಸಿ, 'ಲಾಗ್ ಇನ್', 'ಬ್ಯಾಕ್ ಅಪ್', 'ಸೆಟ್ ಅಪ್'. ಗುಂಡಿಯ ಮೇಲೆ ಏನು ಬರೆಯಬೇಕೆಂದು ನಮ್ಮ ತಂಡದಲ್ಲಿ ಒಂದು ಮಧ್ಯಾಹ್ನವೇ ಕಳೆದುಹೋಗಿದೆ.

ಹೇಮಾವತಿ ಮೇಷ್ಟ್ರು

ಸರಿಯಾಗಿ ಹೇಳಿದಿರಿ. ಉಚ್ಚಾರದಲ್ಲೂ ವ್ಯತ್ಯಾಸವಿದೆ. ನಾಮಪದದಲ್ಲಿ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದದಲ್ಲಿ ಬಾಲಕ್ಕೆ. 'ದಿ ಕಾರ್ ಬ್ರೋಕ್ ಡೌನ್' ಎನ್ನುವಾಗ 'ಡೌನ್' ಎದ್ದು ಕೇಳಬೇಕು. ನಮ್ಮ ಕಿವಿಗೆ ಸಣ್ಣ ಪದ ಎಂದರೆ ಮೆತ್ತಗೆ ಹೇಳುವ ಪದ ಎಂಬ ಅಭ್ಯಾಸ. ಕಡಲತಡಿಯವರಿಗೆ ಕೇಳುವಾಗ ತಪ್ಪಿಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು. ಒತ್ತು ಬಾಲದ ಮೇಲೆ ಬಿದ್ದರೆ ಕಿವಿ ನಿಮಿರಿಸಿ.

ಥೇಮ್ಸ್ ದಂಡೆ

ವಾರ್ಡಿಗೆ ಬೇಕಾದವನ್ನು ಒಂದಷ್ಟು ಹೇಳುತ್ತೇನೆ. ನನ್ನ ಮನೆಯವರು ಇಲ್ಲಿ ಜಿಪಿ (ಸಾಮಾನ್ಯ ವೈದ್ಯರ) ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾರೆ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬರೆಯುತ್ತಿದ್ದೇನೆ.

'ಪ್ಲೇಯಿಂಗ್ ಅಪ್' ಎಂದರೆ ತೊಂದರೆ ಕೊಡುತ್ತಿದೆ. ಮಂಡಿಗೂ ಹೇಳುತ್ತಾರೆ, ತುಂಟ ಮಗುವಿಗೂ ಹೇಳುತ್ತಾರೆ, ಕೆಟ್ಟ ಬಾಯ್ಲರ್‌ಗೂ ಹೇಳುತ್ತಾರೆ. 'ಫ್ಲೇರ್ ಅಪ್' ಎಂದರೆ ತಣ್ಣಗಿದ್ದ ಕಾಯಿಲೆ ಮತ್ತೆ ಕೆರಳುವುದು. 'ಕ್ಲಿಯರ್ ಅಪ್' ಎಂದರೆ ಸೋಂಕು, ಗುಳ್ಳೆ ವಾಸಿಯಾಗುವುದು. 'ಗೋ ಡೌನ್' ಎಂದರೆ ಊತ ಇಳಿಯುವುದು. 'ಕೀಪ್ ಡೌನ್' ಎಂದರೆ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದು. 'ಕಾಂಟ್' ಸೇರಿದರೆ ಎಲ್ಲ ವಾಂತಿಯಾಗುತ್ತಿದೆ ಎಂದು. 'ನಾಡ್ ಆಫ್', 'ಡ್ರಾಪ್ ಆಫ್' ಎರಡೂ ನಿದ್ದೆಗೆ ಜಾರುವುದು. ನೋವಿನ ಔಷಧಿ ಕೊಟ್ಟ ಮೇಲೆ 'ಹಿ ಹ್ಯಾಸ್ ಡ್ರಾಪ್ಡ್ ಆಫ್' ಎಂದರೆ ಗಾಬರಿಯಾಗಬೇಡಿ, ಹಾಸಿಗೆಯಿಂದ ಬಿದ್ದಿಲ್ಲ.

ಜೋಪಾನವಾಗಿ ನೋಡಬೇಕಾದದ್ದು 'ಬ್ರಿಂಗ್ ಅಪ್'. ಕೆಮ್ಮಿ ಕಫ ತೆಗೆದರೂ 'ಬ್ರಿಂಗ್ ಅಪ್', ಊಟ ವಾಂತಿಯಾದರೂ 'ಬ್ರಿಂಗ್ ಅಪ್'. ರಕ್ತ 'ಬ್ರಿಂಗ್ ಅಪ್' ಆಯಿತು ಎಂದು ರೋಗಿ ಹೇಳಿದರೆ ಅದು ಎದೆಯಿಂದ ಬಂತೋ ಹೊಟ್ಟೆಯಿಂದ ಬಂತೋ ಕೇಳಲೇಬೇಕು. ಮಕ್ಕಳನ್ನು ಸಾಕುವುದಕ್ಕೂ, ಸಭೆಯಲ್ಲಿ ವಿಷಯ ಎತ್ತುವುದಕ್ಕೂ ಇದೇ ಪದ, ಅವುಗಳಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ.

ನೀವು ಸಲಹೆ ಹೇಳುವಾಗ 'ಕಟ್ ಡೌನ್' ಮತ್ತು 'ಕಟ್ ಔಟ್' ಬೇರೆ ಬೇರೆ ಎಂಬುದು ನೆನಪಿರಲಿ. ಉಪ್ಪನ್ನು 'ಕಟ್ ಡೌನ್ ಆನ್' ಎಂದರೆ ಕಡಿಮೆ ಮಾಡಿ. 'ಕಟ್ ಔಟ್' ಎಂದರೆ ಪೂರ್ತಿ ಬಿಡಿ. ಸಿಗರೇಟಿಗೆ 'ಗಿವ್ ಅಪ್'.

ಕಡಲತಡಿ

ಥೇಮ್ಸ್ ದಂಡೆಯವರಿಗೂ ಮನೆಯವರಿಗೂ ತುಂಬಾ ಧನ್ಯವಾದ. 'ಬ್ರಿಂಗ್ ಅಪ್' ವಿಷಯವನ್ನು ನಮ್ಮ ವಾರ್ಡಿನ ಇತರ ಭಾರತೀಯ ನರ್ಸ್‌ಗಳಿಗೂ ಹೇಳುತ್ತೇನೆ.

ಪದಪಯಣ ಬರೆದದ್ದನ್ನು ಓದುತ್ತ ನನಗೊಂದು ಹೊಳೆಯಿತು. ಆಪರೇಷನ್ ಮುಗಿದು ಎಚ್ಚರವಾಗುವುದಕ್ಕೆ ಊರಿನಲ್ಲಿ 'ಕಣ್ಣು ಬಿಟ್ಟರು' ಎನ್ನುತ್ತೇವಲ್ಲ, ಸರಿಯಾಗಿ ಅದೇ 'ಕಮ್ ರೌಂಡ್'. ಹೀಗೆ ಪ್ರತಿಯೊಂದಕ್ಕೂ ಊರಿನ ರೋಗಿಯ ಮಾತನ್ನು ಎದುರಿಗೆ ಬರೆದುಕೊಳ್ಳುತ್ತೇನೆ. ನಿಘಂಟಿನ ಅರ್ಥ ಬರೆದರೆ ನಿಲ್ಲುವುದಿಲ್ಲ. ಇನ್ನೊಂದು, ಪಟ್ಟಿಯಲ್ಲಿ ಹೆದರಿಸಿದ್ದ ಎಷ್ಟೋ ಪದಗಳನ್ನು ನಾನು ಮೊದಲಿನಿಂದಲೂ ಆಡುತ್ತಲೇ ಇದ್ದೇನೆ. 'ಸಿಟ್ ಅಪ್', 'ಲೈ ಬ್ಯಾಕ್', 'ಬ್ರೀದ್ ಇನ್', 'ರೋಲ್ ಅಪ್ ಯುವರ್ ಸ್ಲೀವ್' ಇವೆಲ್ಲ ಮಂಗಳೂರಿನಿಂದಲೇ ಬಾಯಲ್ಲಿವೆ. ಪಾಳಿ ಬದಲಾಗುವಾಗ 'ಹ್ಯಾಂಡೋವರ್' ಕೊಡುತ್ತೇವೆ. ಅವೂ ಫ್ರೇಸಲ್ ವರ್ಬ್ ಎಂದು ಯಾರೂ ಹೇಳಿರಲಿಲ್ಲ ಅಷ್ಟೇ.

ನೋಟ್ಸ್ ಬರೆಯುವಾಗ ರೋಗಿಯ ಪದವನ್ನೇ ಹಾಕಬೇಕೋ, ಗಟ್ಟಿ ಪದಕ್ಕೆ ಬದಲಿಸಬೇಕೋ?

ಥೇಮ್ಸ್ ದಂಡೆ

ಮನೆಯವರ ಉತ್ತರ: ರೋಗಿ 'ಪಾಸ್ಡ್ ಔಟ್' ಎಂದರೆ ಮೊದಲು ಬಿಡಿಸಿ ಕೇಳಿ, ಪೂರ್ತಿ ಪ್ರಜ್ಞೆ ಹೋಗಿತ್ತೇ, ಬರಿಯ ತಲೆಸುತ್ತೇ ಎಂದು. ಕೆಲವರು ಗಾಢ ನಿದ್ದೆ ಬಂದರೂ 'ಪಾಸ್ಡ್ ಔಟ್' ಎನ್ನುತ್ತಾರೆ. ಖಚಿತವಾದ ಮೇಲೆ ವೈದ್ಯಕೀಯ ಪದ 'ಲಾಸ್ ಆಫ್ ಕಾನ್ಷಿಯಸ್‌ನೆಸ್' ಬರೆಯಿರಿ. ಖಚಿತವಾಗದಿದ್ದರೆ ರೋಗಿಯ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ. ನಿಮ್ಮ ಊಹೆಯನ್ನು ಗಟ್ಟಿ ಪದಕ್ಕೆ ತಿರುಗಿಸಿ ಬರೆಯುವುದು ಎಲ್ಲಕ್ಕಿಂತ ಅಪಾಯ, ಮುಂದಿನವರು ಅದನ್ನು ನಿಜವೆಂದೇ ಓದುತ್ತಾರೆ.

ಸಿಲ್ಕ್‌ಬೋರ್ಡ್ ಸಿಗ್ನಲ್

ಇನ್ನೊಂದು ಸಣ್ಣ ಪ್ರಶ್ನೆ, ಮೇಷ್ಟ್ರೇ. 'ಕೋಪ್ ಅಪ್ ವಿತ್' ಸರಿಯೇ? ನಮ್ಮಲ್ಲಿ ಎಲ್ಲರೂ ಬರೆಯುತ್ತಾರೆ.

ಹೇಮಾವತಿ ಮೇಷ್ಟ್ರು

'ಕೋಪ್ ವಿತ್' ಅಷ್ಟೇ. 'ಕ್ಯಾಚ್ ಅಪ್ ವಿತ್', 'ಕೀಪ್ ಅಪ್ ವಿತ್', 'ಪುಟ್ ಅಪ್ ವಿತ್' ಕೇಳಿ ಕೇಳಿ ಅದಕ್ಕೂ ಒಂದು 'ಅಪ್' ದಾನ ಮಾಡಿದ್ದಾರೆ. 'ರಿಟರ್ನ್ ಬ್ಯಾಕ್' ಕೂಡ ಬೇಡ, ರಿಟರ್ನ್‌ನಲ್ಲೇ ಹಿಂದಕ್ಕೆ ಬರುವುದು ಇದೆ. ಭಾರತದಲ್ಲಿ ಇವೆಲ್ಲ ಅರ್ಥವಾಗುತ್ತವೆ, ಯಾರೂ ದಂಡ ಹಾಕುವುದಿಲ್ಲ. ವಿದೇಶದ ಪರೀಕ್ಷೆಯಲ್ಲಿ ಹಾಕುತ್ತಾರೆ.

ಕಡತಕೋಣೆ

ಕಡಲತಡಿ ಅಕ್ಕನವರೇ, ಕಲಿಯುವವರಿಗೇ ಒಂದು ಪರೀಕ್ಷೆ ಕೊಡುತ್ತೇನೆ. ನಮ್ಮ ತಂದೆ ಮುಂದಿನ ತಿಂಗಳು ತಂಗಿಯ ಮನೆಗೆ ಇಂಗ್ಲೆಂಡಿಗೆ ಬರುತ್ತಿದ್ದಾರೆ. ಬೆಳಿಗ್ಗೆ ಎದ್ದಾಗ ಅವರ ಮಂಡಿ ಹಿಡಿದುಕೊಳ್ಳುತ್ತದೆ, ನಡೆದಾಡಿದ ಮೇಲೆ ಸಡಿಲವಾಗುತ್ತದೆ. ನೋವು ದಿನವಿಡೀ ಇರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಅಲ್ಲಿನ ಡಾಕ್ಟರಿಗೆ ಏನೆಂದು ಹೇಳಬೇಕು?

ಕಡಲತಡಿ

ಹಿಡಿದುಕೊಳ್ಳುವುದಕ್ಕೆ 'ಸೀಸಸ್ ಅಪ್' ಎನ್ನಲಿ: 'ಮೈ ನೀ ಸೀಸಸ್ ಅಪ್ ಇನ್ ದ ಮಾರ್ನಿಂಗ್'. ಬಿಟ್ಟು ಬಿಟ್ಟು ಬರುವ ನೋವಿಗೆ 'ಆನ್ ಅಂಡ್ ಆಫ್'. ಸಡಿಲವಾಗುವುದಕ್ಕೆ 'ಲೂಸನ್ಸ್ ಅಪ್'. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂದು ಡಾಕ್ಟರು ಖಂಡಿತ ಕೇಳುತ್ತಾರೆ, ಅದನ್ನು ಈಗಿನಿಂದಲೇ ಗಮನಿಸಿಟ್ಟುಕೊಳ್ಳಲು ಹೇಳಿ. ಊರಿನಲ್ಲಿ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೂ ಮರೆಯದೆ ತರಲಿ.